ಹೊಸ ಪೋಪ್, ಹೊಸ ಆರ್ಚ್‌ಬಿಷಪ್: ಭೂಮಿಯ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನೂ ತೋರಿಸಬೇಕು

2025ರ ಅಕ್ಟೋಬರ್ 1. ರೋಮ್ ಹತ್ತಿರದ ಕಾಸ್ಟೆಲ್ ಗಂಡೋಲ್ಫೋದಲ್ಲಿ ಹವಾಮಾನ ನ್ಯಾಯದ ಬಗ್ಗೆ ಒಂದು ಸಮ್ಮೇಳನ. ವೇದಿಕೆಯ ಮೇಲೆ ಗ್ರೀನ್‌ಲ್ಯಾಂಡಿನಿಂದ ತಂದ ದೊಡ್ಡದೊಂದು ಮಂಜುಗಡ್ಡೆ ಇತ್ತು. ಸುಮಾರು 20,000 ವರ್ಷ ಹಳೆಯದಂತೆ. ಹಿಮರಾಶಿಯಿಂದ ಕಳಚಿಕೊಂಡು ಸಮುದ್ರದಲ್ಲಿ ತೇಲುತ್ತಿದ್ದದ್ದನ್ನು ಎತ್ತಿ ತಂದಿದ್ದರು. ಪೋಪ್ 14ನೇ ಲಿಯೋ ಅದರ ಹತ್ತಿರ ಹೋದರು, ಮೇಲೆ ಕೈಯಿಟ್ಟರು, ಆಶೀರ್ವದಿಸಿದರು. ಅದು ಕರಗುತ್ತಲೇ ಇತ್ತು.

ಆ ವಿಡಿಯೋ ಹರಡಿದ್ದೇ ತಡ, ಗೇಲಿ ಶುರುವಾಯಿತು. ಮಂಜುಗಡ್ಡೆಗೂ ಆಶೀರ್ವಾದವೇ ಎಂದು ಹಂಗಿಸಿದವರಲ್ಲಿ ಕ್ಯಾಥೊಲಿಕರೂ ಇದ್ದರು. ಆದರೆ ಆ ದಿನ ಪೋಪ್ ಆಡಿದ ಮಾತನ್ನು ಕೇಳಿಸಿಕೊಂಡವರು ಕಡಿಮೆ. ಅವರು ಹೇಳಿದ್ದರ ಸಾರ ಇಷ್ಟು: ದೇವರು ಒಂದು ದಿನ ನಮ್ಮನ್ನು ಕೇಳುತ್ತಾನೆ, ನಾನು ಸೃಷ್ಟಿಸಿದ ಜಗತ್ತನ್ನು ಎಲ್ಲರಿಗಾಗಿ, ಮುಂದೆ ಬರುವವರಿಗಾಗಿ ಚೆನ್ನಾಗಿ ನೋಡಿಕೊಂಡಿರಾ ಎಂದು. ಜೊತೆಗಿದ್ದ ಮನುಷ್ಯರನ್ನು ನೋಡಿಕೊಂಡಿರಾ ಎಂದೂ ಕೇಳುತ್ತಾನೆ. ಆಗ ನಾವು ಏನು ಉತ್ತರ ಕೊಡುತ್ತೇವೆ?

ಗಮನಿಸಿ, ಇದು ಪ್ರಕೃತಿಯನ್ನು ಪ್ರೀತಿಸಿ, ಗಿಡ ನೆಡಿ ಅನ್ನುವ ಮಾತಲ್ಲ. ಲೆಕ್ಕ ಕೇಳುವ ಮಾತು. ಯಾರು ಹಾಳು ಮಾಡಿದರು, ಯಾರು ಅನುಭವಿಸುತ್ತಿದ್ದಾರೆ, ಯಾರು ಯಾರಿಗೆ ಬಾಕಿ ಕೊಡಬೇಕು ಅನ್ನುವ ಮಾತು. ಈಗ ಬಂದಿರುವ ಕ್ರೈಸ್ತ ನಾಯಕರನ್ನು ಅರ್ಥ ಮಾಡಿಕೊಳ್ಳಲು ನನಗೆ ಇದೇ ಕೀಲಿ ಅನ್ನಿಸುತ್ತದೆ. ಹಾಗೆ ಲೆಕ್ಕ ಕೇಳಲು ಹೊರಟ ಮೇಲೆ ಕ್ರೈಸ್ತ ಸಭೆಗಳು, ಅಂದರೆ ಚರ್ಚುಗಳು, ತಮ್ಮ ಸ್ವಂತ ಲೆಕ್ಕದ ಪುಸ್ತಕವನ್ನೂ ತೆರೆದಿಡಬೇಕಾಗುತ್ತದೆ. ನಿಜವಾದ ಕಷ್ಟ ಇರುವುದು ಅಲ್ಲೇ.

ಮಂಜುಗಡ್ಡೆಯ ಆ ಕಾರ್ಯಕ್ರಮ ಮುಗಿದು ಎರಡು ದಿನಕ್ಕೆ, ಅಕ್ಟೋಬರ್ 3ರಂದು, ಸಾರಾ ಮುಲ್ಲಲಿ ಅವರನ್ನು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅತಿ ಹಿರಿಯ ಗುರುಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಂದು ಘೋಷಿಸಿದರು. ಆ ಸ್ಥಾನಕ್ಕೆ ಬಂದ 106ನೆಯವರು, ಮೊದಲ ಮಹಿಳೆ. ಅದಕ್ಕೂ ಮೊದಲು ನರ್ಸ್ ಆಗಿದ್ದವರು. ಸುಮ್ನೆ ಹೆಸರಿಗೆ ನರ್ಸ್ ಅಲ್ಲ, 1999ರಲ್ಲಿ ಇಂಗ್ಲೆಂಡಿನ ಸರ್ಕಾರದ ಮುಖ್ಯ ನರ್ಸಿಂಗ್ ಅಧಿಕಾರಿಯಾದವರು, ಆಗ ಅವರಿಗೆ 37 ವರ್ಷ. 2026ರ ಜನವರಿಯಲ್ಲಿ ಅಧಿಕೃತವಾಗಿ ಹೊಣೆ ಹೊತ್ತರು. ಲಿಯೋ ಆಯ್ಕೆಯಾದದ್ದು 2025ರ ಮೇ 8ರಂದು. ಅಂದರೆ ಒಂದೇ ವರ್ಷದೊಳಗೆ, ಸುಮಾರು 140 ಕೋಟಿ ಕ್ಯಾಥೊಲಿಕರಿಗೂ ಸುಮಾರು 8.5 ಕೋಟಿ ಆಂಗ್ಲಿಕನ್ನರಿಗೂ ಹೊಸ ಮುಖಗಳು. ಇಬ್ಬರ ಅಧಿಕಾರವೂ ಒಂದೇ ತರಹದ್ದಲ್ಲ, ಅದನ್ನು ಮುಂದೆ ನೋಡೋಣ.

ಮಾತು ಹೊಸದಲ್ಲ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಸೃಷ್ಟಿಯನ್ನು ಕಾಪಾಡಿ ಅನ್ನುವುದನ್ನು ಇವರು ಹೊಸದಾಗಿ ಕಂಡುಹಿಡಿದಿಲ್ಲ. ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಭೂಮಿಯ ಮೇಲೆ, ಪ್ರಾಣಿಗಳ ಮೇಲೆ ದೊರೆತನ ಕೊಟ್ಟ ಮಾತಿದೆ. ಎರಡನೇ ಅಧ್ಯಾಯದಲ್ಲಿ ಏದೆನ್ ತೋಟದಲ್ಲಿ ದುಡಿಯುವುದಕ್ಕೂ ಅದನ್ನು ಕಾಯುವುದಕ್ಕೂ ಮನುಷ್ಯನನ್ನು ಇಟ್ಟ ಮಾತಿದೆ. ನೂರಾರು ವರ್ಷ ಮೊದಲನೆಯದನ್ನು ಜೋರಾಗಿ ಓದಿದರು, ಎರಡನೆಯದನ್ನು ಮೆಲ್ಲಗೆ ಓದಿದರು. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ಇದನ್ನೇ ಎತ್ತಿ, ಪರಿಸರ ಹಾಳಾಗುವುದಕ್ಕೆ ಪಶ್ಚಿಮದ ಕ್ರೈಸ್ತ ಧರ್ಮದ ಯೋಚನೆಯೂ ಕಾರಣ ಎಂದು ನೇರವಾಗಿ ಬರೆದರು. ಜೊತೆಗೆ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅವರನ್ನು ಪರಿಸರದ ಪಾಲಕ ಸಂತ ಮಾಡಿ ಎಂದೂ ಸೂಚಿಸಿದರು. 1979ರಲ್ಲಿ ಪೋಪ್ 2ನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು.

ಅಲ್ಲಿಂದ ಮುಂದೆ ಒಂದೊಂದೇ ಹೆಜ್ಜೆ. 1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಮಾಡಿದರು. ಅವರ ನಂತರ ಬಂದ ಬಾರ್ತೊಲೊಮ್ಯೂ 1997ರಲ್ಲಿ ಇನ್ನೂ ಮುಂದೆ ಹೋಗಿ, ಪ್ರಕೃತಿಯ ವಿರುದ್ಧ ಮಾಡುವ ಅಪರಾಧ ಪಾಪ ಎಂದರು. ಇದು ದೊಡ್ಡ ಮಾತು. ಕೊಲೆ, ಕಳವು, ಸುಳ್ಳುಗಳ ಸಾಲಿಗೆ ನದಿ ಕೆಡಿಸುವುದನ್ನೂ ಕಾಡು ಬೋಳು ಮಾಡುವುದನ್ನೂ ತಂದು ನಿಲ್ಲಿಸಿದರು. 2008ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಕಾಲದಲ್ಲಿ ವ್ಯಾಟಿಕನ್ನಿನ ದೊಡ್ಡ ಸಭಾಂಗಣದ ಚಾವಣಿಗೆ 2,400 ಸೋಲಾರ್ ಪ್ಯಾನೆಲ್ ಬಂದವು. ಆಮೇಲೆ 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರ 'ಲಾವ್ದಾತೋ ಸಿ' ಬಂತು. ಭೂಮಿಯ ಅಳು ಬೇರೆ ಅಲ್ಲ, ಬಡವರ ಅಳು ಬೇರೆ ಅಲ್ಲ ಎಂದು ಹೇಳಿದ ಪತ್ರ ಅದು. 2023ರಲ್ಲಿ 'ಲಾವ್ದಾತೇ ದೇವುಮ್' ಬರೆದಾಗ ಅವರ ದನಿಯಲ್ಲಿ ತಾಳ್ಮೆ ಕಡಿಮೆಯಾಗಿತ್ತು. ಎಂಟು ವರ್ಷ ಕಳೆದರೂ ನಾವು ಸಾಕಷ್ಟು ಮಾಡಿಲ್ಲ ಎಂದು ನೇರವಾಗಿ ಹೇಳಿದರು.

ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ತೀರಿಕೊಂಡರು. ಆಗ ಎಲ್ಲರ ಮನಸ್ಸಲ್ಲಿ ಇದ್ದ ಪ್ರಶ್ನೆ, ಮುಂದೆ ಬರುವವರು ಇದನ್ನು ಅಲ್ಲಿಗೇ ಬಿಡುತ್ತಾರಾ ಅನ್ನುವುದು. ಬಿಡಲಿಲ್ಲ.

ಪೆರುವಿನಿಂದ ಬಂದವರು

ಲಿಯೋ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಅಮೆರಿಕದಲ್ಲಿ ಹುಟ್ಟಿದ ಮೊದಲ ಪೋಪ್ ಎಂದೇ ಪತ್ರಿಕೆಗಳು ಬರೆದವು. ಆದರೆ ಅವರನ್ನು ರೂಪಿಸಿದ್ದು ಪೆರು. ಮೊದಲು ಹೋದದ್ದು 1985ರಲ್ಲಿ, ಅಗಸ್ಟೀನಿಯನ್ ಎಂಬ ಸನ್ಯಾಸಿ ಸಂಘದ ಗುರುವಾಗಿ. 2015ರಿಂದ 2023ರವರೆಗೆ ಉತ್ತರ ಪೆರುವಿನ ಚಿಕ್ಲಾಯೋದಲ್ಲಿ ಧರ್ಮಾಧ್ಯಕ್ಷರಾಗಿದ್ದರು, ಅಂದರೆ ಬಿಷಪ್. ಆ ಕರಾವಳಿ ಪ್ರದೇಶ ಒಣ ನೆಲ. ಆದರೆ ಎಲ್ ನಿನ್ಯೋ ಬಂದರೆ ಆಕಾಶವೇ ಹರಿದು ಬಿದ್ದ ಹಾಗೆ ಮಳೆ. 2017ರಲ್ಲಿ ಹಾಗಾಯಿತು, 2023ರಲ್ಲಿ ಯಾಕು ಚಂಡಮಾರುತ ಬಂದಾಗ ಮತ್ತೆ ಆಯಿತು. ಮಣ್ಣಿನ ಇಟ್ಟಿಗೆಯ ಮನೆಗಳು ಮೊದಲು ಕುಸಿಯುತ್ತವೆ, ಕಲ್ಲು ಸಿಮೆಂಟಿನ ಮನೆಗಳು ನಿಲ್ಲುತ್ತವೆ. ರಬ್ಬರ್ ಬೂಟು ಹಾಕಿಕೊಂಡು ಕೆಸರು ನೀರಲ್ಲಿ ನಿಂತ ಬಿಷಪ್ಪರ ಚಿತ್ರಗಳು ಅವರು ಪೋಪ್ ಆದ ಮೇಲೆ ಎಲ್ಲ ಕಡೆ ಓಡಾಡಿದವು. ಚಿತ್ರ ಇರಲಿ, ನನಗೆ ಮುಖ್ಯ ಅನ್ನಿಸುವುದು ಬೇರೆ. ಹವಾಮಾನ ಬದಲಾವಣೆಯ ಏಟು ಎಲ್ಲರಿಗೂ ಸಮ ಬೀಳುವುದಿಲ್ಲ ಅನ್ನುವುದನ್ನು ಅವರು ವರದಿ ಓದಿ ತಿಳಿಯಬೇಕಾಗಿರಲಿಲ್ಲ.

ಪೋಪ್ ಆಗುವ ಮೊದಲೇ, 2024ರ ನವೆಂಬರಿನಲ್ಲಿ ರೋಮ್‌ನ ಒಂದು ವಿಚಾರ ಸಂಕಿರಣದಲ್ಲಿ, ಮಾತು ಸಾಕು, ಈಗ ಕೆಲಸ ಆಗಬೇಕು ಎಂದಿದ್ದರು. ಪ್ರಕೃತಿಯ ಮೇಲಿನ ದೊರೆತನ ದಬ್ಬಾಳಿಕೆ ಆಗಬಾರದು ಎಂದೂ ಹೇಳಿದ್ದರು. ಪೋಪ್ ಆದ ಎರಡೇ ತಿಂಗಳಿಗೆ ವ್ಯಾಟಿಕನ್ ಬಲಿಪೂಜೆಗೆ, ಅಂದರೆ ಕ್ಯಾಥೊಲಿಕರ ಮುಖ್ಯ ಆರಾಧನೆಗೆ, ಹೊಸದೊಂದು ವಿಧಿ ಹೊರಡಿಸಿತು, ಸೃಷ್ಟಿಯ ಕಾಳಜಿಗಾಗಿಯೇ. ಜುಲೈ 9ರಂದು ಕಾಸ್ಟೆಲ್ ಗಂಡೋಲ್ಫೋದ ತೋಟದಲ್ಲಿ, ಬಯಲಲ್ಲೇ, ಆ ವಿಧಿಯಂತೆ ಅವರು ಪೂಜೆ ಅರ್ಪಿಸಿದರು. ಆ ದಿನದ ಪ್ರಬೋಧನೆಯಲ್ಲಿ ಒಂದು ಮಾತು ಬಂತು: ನಮ್ಮ ಮನೆಯಾದ ಈ ಭೂಮಿಯನ್ನು ನೋಡಿಕೊಳ್ಳುವುದು ಎಷ್ಟು ತುರ್ತು ಎಂದು ಇನ್ನೂ ತಿಳಿಯದವರ ಮನಸ್ಸು ತಿರುಗಲಿ ಎಂದು ಪ್ರಾರ್ಥಿಸೋಣ, ಅಂಥವರು ಧರ್ಮಸಭೆಯ ಹೊರಗೂ ಇದ್ದಾರೆ, ಒಳಗೂ ಇದ್ದಾರೆ.

ಒಳಗೂ ಇದ್ದಾರೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಸಾಲ ಯಾರದ್ದು?

2025ರ ಜುಲೈ 1ರಂದು ಇನ್ನೊಂದು ಕೆಲಸ ಆಯಿತು, ಸುದ್ದಿಯಾದದ್ದು ಕಡಿಮೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಈ ಮೂರೂ ಕಡೆಯ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಒಕ್ಕೂಟಗಳು ಮೊದಲ ಬಾರಿಗೆ ಒಟ್ಟಾಗಿ ಒಂದು ದಾಖಲೆ ಹೊರತಂದು ಪೋಪ್ ಕೈಗೆ ಕೊಟ್ಟವು. ಬ್ರೆಜಿಲ್‌ನ ಕಾರ್ಡಿನಲ್ ಸ್ಪೆಂಗ್ಲರ್, ಕಾಂಗೋದ ಕಾರ್ಡಿನಲ್ ಅಂಬೊಂಗೋ, ಗೋವಾದ ಕಾರ್ಡಿನಲ್ ಫಿಲಿಪ್ ನೇರಿ ಫೆರ್‍ರಾವ್ ಆ ಒಕ್ಕೂಟಗಳ ಮುಖ್ಯಸ್ಥರು. ದಾಖಲೆಯಲ್ಲಿ ಸಿಹಿ ಮಾತಿಲ್ಲ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಪರಿಸರದ ಸಾಲ ತೀರಿಸಬೇಕು. ಹೊಗೆ ಬಿಡುವುದನ್ನು ಮುಂದುವರಿಸಿ, ಇನ್ನೆಲ್ಲೋ ಕಾಡು ಉಳಿಸಿದ ಲೆಕ್ಕ ತೋರಿಸಿ ಕೈ ತೊಳೆದುಕೊಳ್ಳುವುದು ಸುಳ್ಳು ಪರಿಹಾರ. ಹಸಿರು ಅನ್ನುವ ಹೆಸರಿನಲ್ಲಿ ಬಡವರ ನೆಲ ಅಗೆದು ಲೋಹ ತೆಗೆಯುವುದೂ ಸುಳ್ಳು ಪರಿಹಾರವೇ.

ಪರಿಸರದ ಸಾಲ ಅಂದರೆ ಏನು? ತುಂಬ ಸರಳ. ಭೂಮಿಯ ಗಾಳಿ ತಡೆದುಕೊಳ್ಳುವ ಹೊಗೆಗೆ ಒಂದು ಮಿತಿ ಇದೆ. ಆ ಮಿತಿಯ ಬಹುಪಾಲನ್ನು ಕೆಲವೇ ದೇಶಗಳು ನೂರೈವತ್ತು ವರ್ಷದಲ್ಲಿ ಬಳಸಿ ಮುಗಿಸಿವೆ. ಇಡೀ ಆಫ್ರಿಕಾ ಖಂಡದಿಂದ ಬರುವ ಹೊಗೆ ಜಗತ್ತಿನ ಒಟ್ಟಿನಲ್ಲಿ ಶೇ 4ರ ಆಸುಪಾಸು. ಬರ, ನೆರೆ, ಬೆಳೆ ನಷ್ಟದ ಪಾಲು ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾದರೆ ಬಡ ದೇಶಕ್ಕೆ ಕೊಡುವ ಹವಾಮಾನ ಹಣ ದಾನವಾ, ಬಾಕಿಯಾ? ಇದನ್ನು ಬಾಕಿ ಎಂದು ಕರೆದ ಕೂಡಲೇ ಮಾತಿನ ದಿಕ್ಕೇ ಬದಲಾಗುತ್ತದೆ. ದಾನ ಕೊಡದಿದ್ದರೆ ಯಾರೂ ಕೇಳುವಂತಿಲ್ಲ. ಬಾಕಿ ಕೊಡದಿದ್ದರೆ ಅದು ಅನ್ಯಾಯ.

ಬೈಬಲ್ಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇದರ ಬೇರು ಇದೆ. ಏಳನೇ ವರ್ಷ ಹೊಲಕ್ಕೆ ವಿರಾಮ ಕೊಡಬೇಕು. ಐವತ್ತನೇ ವರ್ಷ ಜೂಬಿಲಿ, ಅಂದರೆ ಕಳೆದುಕೊಂಡ ನೆಲ ಮೂಲದವರಿಗೆ ವಾಪಸ್, ಜೀತದವರಿಗೆ ಬಿಡುಗಡೆ. 2025 ಕ್ಯಾಥೊಲಿಕರಿಗೆ ಜೂಬಿಲಿ ವರ್ಷವಾಗಿತ್ತು. ಬಡ ದೇಶಗಳ ಸಾಲ ಮನ್ನಾ ಆಗಬೇಕು, ಪರಿಸರದ ಸಾಲದ ಮಾತೂ ಆಗಬೇಕು ಎಂದು ಫ್ರಾನ್ಸಿಸ್ ಅದನ್ನು ಘೋಷಿಸುವಾಗಲೇ ಬರೆದಿದ್ದರು. ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳು ಸೇರಿರುವ ಜಾಗತಿಕ ಸಭೆಗಳ ಮಂಡಳಿ ಕೂಡ 2025ರಿಂದ ಹತ್ತು ವರ್ಷವನ್ನು ಹವಾಮಾನ ನ್ಯಾಯದ ದಶಕ ಎಂದು ಸಾರಿದೆ. 2023ರಿಂದ ಅದರ ಪ್ರಧಾನ ಕಾರ್ಯದರ್ಶಿ ದಕ್ಷಿಣ ಆಫ್ರಿಕಾದ ಜೆರ್‍ರಿ ಪಿಳ್ಳೈ. ಕಲ್ಲಿದ್ದಲು, ತೈಲಕ್ಕೆ ಹಣ ಹೂಡುವವರನ್ನು ಕಾನೂನಿನ ಮುಂದೆ ನಿಲ್ಲಿಸುವುದು ಹೇಗೆ ಎಂದು ತಿಳಿಸುವ ಕೈಪಿಡಿಯನ್ನೂ ಆ ಮಂಡಳಿ ತಂದಿದೆ. ಪ್ರಾರ್ಥನೆಯ ಜೊತೆ ವಕೀಲರೂ ಬೇಕು ಅನ್ನುವ ಮಟ್ಟಕ್ಕೆ ಇದು ಬಂದಿದೆ.

2025ರ ನವೆಂಬರಿನಲ್ಲಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆಯಿತು. ಲಿಯೋ ಹೋಗಲಿಲ್ಲ, ವಿಡಿಯೋ ಸಂದೇಶ ಕಳಿಸಿದರು. ಸೃಷ್ಟಿ ನೆರೆಯಲ್ಲಿ, ಬರದಲ್ಲಿ, ಬಿರುಗಾಳಿಯಲ್ಲಿ, ಬಿಡದ ಸೆಕೆಯಲ್ಲಿ ಕೂಗುತ್ತಿದೆ ಎಂದರು. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಸೋತಿಲ್ಲ, ಸೋಲುತ್ತಿರುವುದು ನಾವು, ಕೆಲವರ ರಾಜಕೀಯ ಇಚ್ಛಾಶಕ್ತಿ ಎಂದೂ ಹೇಳಿದರು. ಯಾವ ದೇಶದ ಹೆಸರನ್ನೂ ಎತ್ತಲಿಲ್ಲ. ಅವರು ಹುಟ್ಟಿದ ದೇಶದ ಸರ್ಕಾರ ಆ ಒಪ್ಪಂದದಿಂದ ಹೊರಹೋಗುವುದಾಗಿ 2025ರ ಜನವರಿಯಲ್ಲೇ ಆದೇಶಿಸಿತ್ತು, ಬೆಲೆಂಗೆ ಹಿರಿಯ ನಿಯೋಗವನ್ನೂ ಕಳಿಸಿರಲಿಲ್ಲ. ಹೆಸರು ಹೇಳದಿದ್ದರೂ ಕೇಳಿದವರಿಗೆ ಅರ್ಥವಾಗುವಂತಿತ್ತು. ಕೊನೆಗೆ ಆ ಸಮ್ಮೇಳನದ ಮುಖ್ಯ ನಿರ್ಣಯದಲ್ಲಿ ಕಲ್ಲಿದ್ದಲು, ತೈಲ, ಗ್ಯಾಸ್ ಬಿಡುವ ಮಾತೇ ಬರಲಿಲ್ಲ. 80ಕ್ಕೂ ಹೆಚ್ಚು ದೇಶಗಳು ಅದಕ್ಕೊಂದು ದಾರಿನಕ್ಷೆ ಬೇಕು ಎಂದು ಕೇಳಿದ್ದರೂ ಬರಲಿಲ್ಲ. ಧರ್ಮಗುರುಗಳ ಮಾತಿಗೆ ಅಲ್ಲಿ ಎಷ್ಟು ತೂಕ ಇತ್ತು ಅನ್ನುವುದನ್ನು ನಾವು ಬೆಣ್ಣೆ ಹಚ್ಚದೆ ನೋಡಬೇಕು.

ಆದರೂ ಆ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲೆಂ ಪಾರಾ ರಾಜ್ಯದ ರಾಜಧಾನಿ. ಅದೇ ರಾಜ್ಯದ ಅನಾಪು ಎಂಬಲ್ಲಿ 2005ರ ಫೆಬ್ರುವರಿ 12ರಂದು ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಅವರನ್ನು ಗುಂಡಿಕ್ಕಿ ಕೊಂದರು. ಆಕೆಗೆ 73 ವರ್ಷ. ಕಾಡು ಕಡಿಯದೆ ಬದುಕಬಲ್ಲ ಸಣ್ಣ ರೈತರಿಗೆ ಜಮೀನು ಕೊಡಿಸಲು ಓಡಾಡುತ್ತಿದ್ದ ಕನ್ಯಾಸ್ತ್ರೀ. ಕೆಸರು ದಾರಿಯಲ್ಲಿ ಇಬ್ಬರು ಬಂದೂಕುಧಾರಿಗಳು ಅಡ್ಡಹಾಕಿ, ಆಯುಧ ಇದೆಯಾ ಎಂದು ಕೇಳಿದಾಗ ಆಕೆ ಬೈಬಲ್ ತೋರಿಸಿದರು, ಅದರ ಸಾಲುಗಳನ್ನು ಓದಿದರು. ಆರು ಗುಂಡು. ಕೊಲ್ಲಿಸಿದ್ದಕ್ಕೆ ಮುಂದೆ ಶಿಕ್ಷೆಯಾದದ್ದು ಜಾನುವಾರು ಸಾಕುವ ದೊಡ್ಡ ಜಮೀನ್ದಾರರಿಗೆ. ಇದು ಹಳೆಯ ಕಥೆ ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರಿನಲ್ಲಿ ಹೊಂಡುರಾಸ್‌ನ ತೊಕೋವಾದಲ್ಲಿ ಹುವಾನ್ ಲೋಪೆಸ್ ಎಂಬ ಧರ್ಮೋಪದೇಶಿಯನ್ನು ಕೊಂದರು. ಕಬ್ಬಿಣದ ಗಣಿಯಿಂದ ನದಿ ಉಳಿಸಲು ಹೋರಾಡುತ್ತಿದ್ದವರು.

ಸೃಷ್ಟಿಯ ಕಾಳಜಿ ಅಂದಾಗ ನನಗೆ ಮೊದಲು ನೆನಪಾಗುವುದು ಇವರು. ದೊಡ್ಡವರು ವೇದಿಕೆಯಲ್ಲಿ ಆಡುವ ಮಾತಿನ ಬೆಲೆಯನ್ನು ಕೆಳಗೆ ಕಾಡಿನ ದಾರಿಯಲ್ಲಿ ಇಂಥವರು ತೆರುತ್ತಿದ್ದಾರೆ. ಪೋಪ್ ಆಗಲಿ ಆರ್ಚ್‌ಬಿಷಪ್ ಆಗಲಿ, ಇಂಥವರಿಗೆ ಬೆದರಿಕೆ ಬಂದ ದಿನವೇ ಹೆಸರು ಹಿಡಿದು ಮಾತಾಡಿದರೆ ಅದು ಒಂದು ಜೀವ ಉಳಿಸಬಹುದು. ಸತ್ತ ಮೇಲಿನ ಶ್ರದ್ಧಾಂಜಲಿಯಿಂದ ಅದು ಆಗುವುದಿಲ್ಲ.

ನಡುವಿನ ಮೌನ

ಈಗ ಆ "ಒಳಗೂ ಇದ್ದಾರೆ" ಅನ್ನುವ ಮಾತಿಗೆ ಬರೋಣ. ಈ ಇಡೀ ವಿಷಯದಲ್ಲಿ ಜನ ಕಡಿಮೆ ಮಾತಾಡುವ, ಆದರೆ ನನಗೆ ತುಂಬ ಮುಖ್ಯ ಅನ್ನಿಸುವ ಭಾಗ ಇದು. ಅಮೆರಿಕದ ಸಂಶೋಧಕರ ಒಂದು ತಂಡ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಲ್ಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ತಮ್ಮ ತಮ್ಮ ಪತ್ರಿಕೆಗಳಲ್ಲಿ 2014ರಿಂದ 2019ರವರೆಗೆ ಬರೆದ 12,000ಕ್ಕೂ ಹೆಚ್ಚು ಅಂಕಣಗಳನ್ನು ಓದಿ ನೋಡಿದರು. ಹವಾಮಾನ ಬದಲಾವಣೆಯ ಹೆಸರೆತ್ತಿದ ಅಂಕಣಗಳು ಶೇ 1ಕ್ಕಿಂತ ಕಡಿಮೆ. ನೆನಪಿಡಿ, 'ಲಾವ್ದಾತೋ ಸಿ' ಬಂದದ್ದು ಅದೇ ಅವಧಿಯಲ್ಲಿ. ಪೋಪ್ ಒಂದು ಇಡೀ ಪುಸ್ತಕದಷ್ಟು ಬರೆದರು, ಅವರ ಕೆಳಗಿನವರಲ್ಲಿ ಹೆಚ್ಚಿನವರು ಒಂದು ಸಾಲೂ ಬರೆಯಲಿಲ್ಲ.

ಯಾಕೆ ಹೀಗೆ? ಒಂದು, ಆ ದೇಶದಲ್ಲಿ ಹವಾಮಾನ ಅನ್ನುವುದೇ ಪಕ್ಷದ ಗುರುತಾಗಿದೆ. ಮಾತೆತ್ತಿದರೆ ನೀವು ಯಾವ ಪಕ್ಷ ಎಂದು ಕೇಳುತ್ತಾರೆ, ಮುಂದಿನ ಸಾಲಿನಲ್ಲಿ ಕೂತವರು ಮುನಿಸಿಕೊಳ್ಳುತ್ತಾರೆ, ಕಾಣಿಕೆ ಕಡಿಮೆಯಾಗುತ್ತದೆ. ಇನ್ನೊಂದು, ಎಷ್ಟೋ ಗುರುಗಳಿಗೆ ಇದು ನಂಬಿಕೆಯ ವಿಷಯ ಅಂತಲೇ ಅನ್ನಿಸಿಲ್ಲ, ಯಾವುದೋ ಸಮಿತಿಯ ಕೆಲಸ ಅನ್ನಿಸಿದೆ. ಹೀಗಾಗಿ ರೋಮಿನಿಂದ ಹೊರಟ ಮಾತು ಧರ್ಮಕೇಂದ್ರದ ಬೆಂಚಿನವರೆಗೆ ತಲುಪುವುದೇ ಇಲ್ಲ. ಭಾನುವಾರ ಚರ್ಚಿಗೆ ಬರುವ ಮನುಷ್ಯ ತನ್ನ ಗುರುವಿನ ಬಾಯಲ್ಲಿ ಇದನ್ನು ಕೇಳಿದ್ದೇ ಇಲ್ಲ ಅಂದರೆ, ವ್ಯಾಟಿಕನ್ನಿನ ಮಾತು ಅವನಿಗೆ ದೂರದ ಸುದ್ದಿ ಅಷ್ಟೇ, ಅಲ್ವಾ?

ಇಲ್ಲೇ ಲಿಯೋ ಅವರ ನಿಜವಾದ ಶಕ್ತಿ ಇರುವುದು. ಪೋಪ್ ಆಗುವ ಮೊದಲು, 2023ರಿಂದ, ಅವರು ಜಗತ್ತಿನಾದ್ಯಂತ ಧರ್ಮಾಧ್ಯಕ್ಷರನ್ನು ಆರಿಸಲು ಸಹಾಯ ಮಾಡುವ ವ್ಯಾಟಿಕನ್ ವಿಭಾಗದ ಮುಖ್ಯಸ್ಥರಾಗಿದ್ದರು. ಯಾರು ಯಾವ ಊರಿಗೆ ಸರಿ ಅನ್ನುವ ಕಡತಗಳು ಅವರ ಮೇಜಿನ ಮೇಲೆ ಬರುತ್ತಿದ್ದವು. ಧರ್ಮಾಧ್ಯಕ್ಷರು 75 ವರ್ಷ ತುಂಬಿದಾಗ ರಾಜೀನಾಮೆ ಸಲ್ಲಿಸಬೇಕು, ಆ ಜಾಗಕ್ಕೆ ಯಾರು ಅನ್ನುವ ಕೊನೆಯ ತೀರ್ಮಾನ ಪೋಪ್‌ದು. ಅಮೆರಿಕದ ಭಾಷೆ, ಅಲ್ಲಿನ ಸಭೆಯ ಒಳಗುಟ್ಟು, ಜಗಳ ಎಲ್ಲ ಗೊತ್ತಿರುವ ಪೋಪ್ ಇವರು. ಮುಂದಿನ ಹತ್ತು ವರ್ಷದಲ್ಲಿ ಅವರು ಎಂಥವರನ್ನು ಆರಿಸುತ್ತಾರೆ ಅನ್ನುವುದು ನೂರು ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಅದು ನಿಧಾನದ ಕೆಲಸ, ಸುದ್ದಿಯಾಗದ ಕೆಲಸ. ಆದರೆ ನೋಡಬೇಕಾದದ್ದು ಅಲ್ಲೇ.

ಮೌನ ಮುರಿದ ಉದಾಹರಣೆಯೂ ಇದೆ. ಫಿಲಿಪ್ಪೀನ್ಸ್‌ನ ಧರ್ಮಾಧ್ಯಕ್ಷರು 2022ರ ಜನವರಿಯಲ್ಲಿ, ಗಣಿಗಾರಿಕೆಯಂಥ ನೆಲ ಅಗೆಯುವ ಉದ್ಯಮಗಳಿಂದ ಕಾಣಿಕೆ ತೆಗೆದುಕೊಳ್ಳುವುದಿಲ್ಲ ಎಂದು ಒಟ್ಟಾಗಿ ಹೇಳಿದರು. ಚರ್ಚಿನ ಚಾವಣಿ ರಿಪೇರಿಗೆ ಗಣಿ ಕಂಪನಿ ಚೆಕ್ ಹಿಡಿದುಕೊಂಡು ಬಂದಾಗ ಬೇಡ ಅನ್ನುವುದು ಸುಲಭ ಅಲ್ಲ. ಬಿರುಗಾಳಿಗೆ ಸಿಕ್ಕಿ ಸಿಕ್ಕಿ ಸೋತ ದ್ವೀಪಗಳ ಜನರ ನಡುವೆ ಇರುವವರಿಗೆ ಅದನ್ನು ಹೇಳುವ ಧೈರ್ಯ ಬಂತು.

ಕ್ಯಾಂಟರ್ಬರಿಯ ಕಷ್ಟ ಬೇರೆ

ಸಾರಾ ಮುಲ್ಲಲಿ ಅವರಿಗೆ ಪೋಪ್ ಹಾಗೆ ಬಿಷಪ್ಪರನ್ನು ನೇಮಿಸುವ ಅಧಿಕಾರ ಜಗತ್ತಿನ ಎಲ್ಲ ಕಡೆ ಇಲ್ಲ. ಆಂಗ್ಲಿಕನ್ ಸಭೆಗಳ ಕುಟುಂಬದಲ್ಲಿ ಅವರು ಸಮಾನರ ನಡುವೆ ಮೊದಲಿಗರು, ಅಷ್ಟೇ. ಅವರು ಹೇಳಿದ್ದನ್ನು ನೈಜೀರಿಯಾ ಕೇಳಬೇಕಿಲ್ಲ, ರುವಾಂಡಾ ಕೇಳಬೇಕಿಲ್ಲ. ಈ ಎರಡು ದೇಶಗಳ ಆಂಗ್ಲಿಕನ್ ಮುಖಂಡರು ಅವರ ನೇಮಕವನ್ನೇ ಒಪ್ಪಿಲ್ಲ. ಮಹಿಳೆ ಅನ್ನುವುದು ಒಂದು ಕಾರಣ, ಸಲಿಂಗಿ ಜೋಡಿಗಳನ್ನು ಹರಸುವ ವಿಷಯದಲ್ಲಿ ಅವರ ನಿಲುವು ಇನ್ನೊಂದು. ನೋವಿನ ಸಂಗತಿ ಏನೆಂದರೆ, ಹವಾಮಾನದ ಏಟು ಅತಿ ಹೆಚ್ಚು ತಿನ್ನುತ್ತಿರುವ ಆಂಗ್ಲಿಕನ್ನರು ಬಹುಪಾಲು ಇರುವುದು ಆಫ್ರಿಕಾದಲ್ಲಿ. ಅವರ ಪರವಾಗಿ ಲಂಡನ್ನಿನಲ್ಲಿ ಗಟ್ಟಿಯಾಗಿ ಮಾತಾಡಬೇಕಾದವರ ಜೊತೆಯೇ ಅವರ ಎಷ್ಟೋ ಬಿಷಪ್ಪರ ಮಾತು ನಿಂತಿದೆ. ಸೃಷ್ಟಿಯ ವಿಷಯದಲ್ಲಾದರೂ ಒಟ್ಟಿಗೆ ಕೂರುವ ದಾರಿ ಹುಡುಕುವುದು ಆಗದ ಕೆಲಸ ಅಲ್ಲ ಎಂದು ನಾನು ನಂಬುತ್ತೇನೆ, ಯಾಕೆಂದರೆ ಸೃಷ್ಟಿಯನ್ನು ಉಳಿಸುವುದು ಎರಡೂ ಕಡೆಯವರು ಒಪ್ಪಿಕೊಂಡ ಐದು ಸೇವಾ ಗುರಿಗಳಲ್ಲಿ ಒಂದು.

ಮುಲ್ಲಲಿ ಆ ಜಾಗಕ್ಕೆ ಬಂದದ್ದೇ ಒಂದು ಹೊಣೆಗೇಡಿತನದ ಕಾರಣಕ್ಕೆ. ಹುಡುಗರಿಗಾಗಿ ಕ್ರೈಸ್ತ ಶಿಬಿರಗಳನ್ನು ನಡೆಸುತ್ತಿದ್ದ ಜಾನ್ ಸ್ಮೈತ್ ಎಂಬ ವಕೀಲ ದಶಕಗಳ ಕಾಲ ನೂರಕ್ಕೂ ಹೆಚ್ಚು ಹುಡುಗರು ಮತ್ತು ಯುವಕರನ್ನು ಹಿಂಸಿಸಿದ್ದ. ಅದನ್ನು ಸರಿಯಾಗಿ ವಿಚಾರಿಸಲಿಲ್ಲ ಎಂದು ವರದಿ ಬಂದ ಮೇಲೆ ಹಿಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ತಮ್ಮ ಮೊದಲ ಭಾಷಣದಲ್ಲೇ ಮುಲ್ಲಲಿ, ಅಧಿಕಾರದ ದುರ್ಬಳಕೆಯನ್ನು ನಮ್ಮ ಸಭೆ ಎಷ್ಟೋ ಸಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಒಪ್ಪಿಕೊಂಡರು. ಪರಿಸರದ ಲೇಖನದಲ್ಲಿ ಇದೇಕೆ ಎಂದು ಕೇಳಬಹುದು. ಎರಡರ ಬುಡವೂ ಒಂದೇ. ಕೈಲಾಗದವರ ಮೇಲೆ ಬಲ ಇದ್ದವರು ಏನು ಮಾಡಿದರು, ನೋಡಿದವರು ಯಾಕೆ ಸುಮ್ಮನಿದ್ದರು? ಮಕ್ಕಳ ವಿಷಯದಲ್ಲಿ ಉತ್ತರ ಕೊಡದ ಸಂಸ್ಥೆ ಮುಂದಿನ ಪೀಳಿಗೆಯ ಬಗ್ಗೆ ಉಪದೇಶ ಮಾಡಿದರೆ ಜನ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಈ ಮಾತು ಕ್ಯಾಥೊಲಿಕ್ ಧರ್ಮಸಭೆಗೂ ಅಷ್ಟೇ ಅನ್ವಯಿಸುತ್ತದೆ.

ಹಣದ ವಿಷಯದಲ್ಲಿ ಇಂಗ್ಲೆಂಡಿನ ಸಭೆ ಸ್ವಲ್ಪ ಮುಂದಿದೆ. ಅದರ ಮುಖ್ಯ ನಿಧಿ ಸಾವಿರ ಕೋಟಿ ಪೌಂಡ್‌ಗೂ ಮೀರಿದ್ದು. 2018ರಲ್ಲಿ ಸಭೆಯ ಸಂಸತ್ತಿನಂತಿರುವ ಮಹಾಮಂಡಲ ತೈಲ ಕಂಪನಿಗಳಿಗೆ ಒಂದು ಗಡುವು ಕೊಟ್ಟಿತು: 2023ರೊಳಗೆ ದಾರಿ ಬದಲಿಸಿ, ಇಲ್ಲದಿದ್ದರೆ ನಮ್ಮ ಹಣ ವಾಪಸ್. ಷೇರುದಾರರಾಗಿ ಒಳಗಿದ್ದುಕೊಂಡೇ ಒತ್ತಡ ಹಾಕಿ ನೋಡಿದರು. ಬದಲಾಗಲಿಲ್ಲ. 2023ರ ಜೂನ್‌ನಲ್ಲಿ ಶೆಲ್, ಬಿಪಿ, ಎಕ್ಸಾನ್‌ಮೊಬಿಲ್ ಸೇರಿ 11 ದೊಡ್ಡ ಕಂಪನಿಗಳಿಂದ ಹೊರಬರುವುದಾಗಿ ಹೇಳಿದರು. ಆ ನಿಧಿಯ ಲಾಭಕ್ಕೆ ಅದರಿಂದ ನಷ್ಟವಾಯಿತೋ ಇಲ್ಲವೋ ಅನ್ನುವ ವಾದ ನಡೆಯಲಿ. ಗಡುವು ಕೊಟ್ಟು, ಗಡುವು ಮುಗಿದಾಗ ಹೇಳಿದ್ದನ್ನು ಮಾಡಿದರು ಅನ್ನುವುದು ನನಗೆ ದೊಡ್ಡದು.

ಈಗ ಎರಡನೇ ಗಡುವು ಬರುತ್ತಿದೆ. 2030ರ ಹೊತ್ತಿಗೆ ಇಂಗ್ಲೆಂಡಿನ ಸಭೆಯ ಕಟ್ಟಡಗಳು, ಶಾಲೆಗಳು, ಕೆಲಸದ ಓಡಾಟ ಎಲ್ಲ ಸೇರಿ ನೆಟ್ ಝೀರೋ, ಅಂದರೆ ಹೊಗೆಯ ಲೆಕ್ಕ ಒಟ್ಟಾರೆ ಸೊನ್ನೆ, ಆಗಬೇಕು ಎಂದು 2020ರಲ್ಲಿ ಮಹಾಮಂಡಲ ತೀರ್ಮಾನಿಸಿತು. ಹೇಳುವುದಕ್ಕೆ ಚೆಂದ. ಮಾಡಬೇಕಾದದ್ದು ಎಲ್ಲಿ ಗೊತ್ತಾ? ಸುಮಾರು 16,000 ಚರ್ಚು ಕಟ್ಟಡಗಳಲ್ಲಿ. ಅವುಗಳಲ್ಲಿ ಎಷ್ಟೋ ಕಟ್ಟಡಗಳು ಐನೂರು, ಎಂಟುನೂರು ವರ್ಷ ಹಳೆಯವು. ಎತ್ತರದ ಕಲ್ಲಿನ ಗೋಡೆ, ಒಂದೇ ಪದರದ ಗಾಜು, ಚಳಿಗಾಲದಲ್ಲಿ ಒಳಗೆ ಹೊರಗಿನಷ್ಟೇ ಚಳಿ. ಬಿಸಿ ಮಾಡಲು ಹಳೆಯ ಗ್ಯಾಸ್ ಬಾಯ್ಲರ್. ಆ ಚರ್ಚುಗಳ ಇಂಧನದಲ್ಲಿ ಬಹುಪಾಲು ಹೋಗುವುದೇ ಬಿಸಿ ಮಾಡಲು. ಡಿಸೆಂಬರಿನಲ್ಲಿ ಬಾಯ್ಲರ್ ಕೆಟ್ಟಿತು ಅನ್ನಿ. ಪ್ರಾರ್ಥನೆಗೆ ಬರುವವರು ಹೆಚ್ಚಾಗಿ ವಯಸ್ಸಾದವರು. ಅದೇ ತರಹದ ಇನ್ನೊಂದು ಗ್ಯಾಸ್ ಬಾಯ್ಲರ್ ತಂದು ಕೂರಿಸುವುದು ಸುಲಭ, ಆದರೆ ಅದು ಇನ್ನೂ ಇಪ್ಪತ್ತು ವರ್ಷ ಹೊಗೆ ಬಿಡುತ್ತದೆ. 2022ರಿಂದ ನಿಯಮ ಬಿಗಿಯಾಗಿದೆ. ಗ್ಯಾಸ್ ಅಥವಾ ಎಣ್ಣೆಯ ಹೊಸ ಬಾಯ್ಲರ್ ಬೇಕಿದ್ದರೆ ಅನುಮತಿ ಕೇಳಬೇಕು, ಬೇರೆ ದಾರಿ ಯೋಚಿಸಿದ್ದೀರಾ ಎಂದು ಉತ್ತರಿಸಬೇಕು. ಇಡೀ ಕಟ್ಟಡ ಬಿಸಿ ಮಾಡುವ ಬದಲು ಜನ ಕೂರುವ ಬೆಂಚಿನ ಕೆಳಗೆ ವಿದ್ಯುತ್ ಹೀಟರ್ ಹಾಕುವುದು ಅಂಥ ಒಂದು ದಾರಿ. ನೆಟ್ ಝೀರೋ ಕೆಲಸಕ್ಕೆಂದು 19 ಕೋಟಿ ಪೌಂಡ್ ತೆಗೆದಿಟ್ಟಿದ್ದಾರೆ. ಗ್ಲಾಸ್ಟರ್ ಕ್ಯಾಥೆಡ್ರಲ್, ಯಾರ್ಕ್ ಮಿನ್‌ಸ್ಟರ್‌ನಂಥ ಕಡೆ ಚಾವಣಿಗೆ ಸೋಲಾರ್ ಬಂದಿದೆ. ಆದರೆ ಹದಿನೈದು ಇಪ್ಪತ್ತು ಜನ ಮಾತ್ರ ಬರುವ ಹಳ್ಳಿಯ ಚರ್ಚಿಗೆ ಆ ಹಣ ಎಷ್ಟು ತಲುಪುತ್ತದೆ ಅನ್ನುವುದೇ ಪ್ರಶ್ನೆ.

ವ್ಯಾಟಿಕನ್ನಿನ ಪುಸ್ತಕವನ್ನೂ ನೋಡೋಣ. 2022ರಲ್ಲಿ ಅದು ಪ್ಯಾರಿಸ್ ಒಪ್ಪಂದಕ್ಕೆ ಸೇರಿತು. ರೋಮಿನ ಉತ್ತರಕ್ಕಿರುವ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ವ್ಯಾಟಿಕನ್ ರೇಡಿಯೋದ ದೊಡ್ಡ ಪ್ರಸಾರ ಕೇಂದ್ರವಿದೆ, ಸುಮಾರು 430 ಹೆಕ್ಟೇರ್ ನೆಲ. ಅದರ ರೇಡಿಯೋ ಅಲೆಗಳಿಂದ ಆರೋಗ್ಯ ಕೆಡುತ್ತಿದೆ ಎಂದು ಸುತ್ತಲಿನ ಜನ ವರ್ಷಗಟ್ಟಲೆ ದೂರಿದ್ದರು, ಕೋರ್ಟಿಗೂ ಹೋಗಿದ್ದರು. ಈಗ ಅದೇ ನೆಲದಲ್ಲಿ ಬೇಸಾಯವನ್ನೂ ಉಳಿಸಿಕೊಂಡು ಸೋಲಾರ್ ವಿದ್ಯುತ್ ಮಾಡುವ ಯೋಜನೆ ಇದೆ. ಫ್ರಾನ್ಸಿಸ್ 2024ರಲ್ಲಿ ಶುರು ಮಾಡಿದ್ದು, ಲಿಯೋ 2025ರ ಜೂನ್‌ನಲ್ಲಿ ಹೋಗಿ ನೋಡಿದರು, ಜುಲೈ ಕೊನೆಗೆ ಇಟಲಿ ಜೊತೆ ಒಪ್ಪಂದವೂ ಆಯಿತು. ಇಡೀ ವ್ಯಾಟಿಕನ್ ನಗರಕ್ಕೆ ಬೇಕಾದ ವಿದ್ಯುತ್ ಅಲ್ಲಿಂದಲೇ ಬರಬೇಕು ಅನ್ನುವುದು ಆಸೆ. ಒಳ್ಳೆಯದೇ. ಆದರೆ ವ್ಯಾಟಿಕನ್ ಒಂದು ಚಿಕ್ಕ ನಗರ. ಜಗತ್ತಿನಾದ್ಯಂತ ಕ್ಯಾಥೊಲಿಕ್ ಶಾಲೆ, ಆಸ್ಪತ್ರೆ, ಮಠ, ಕಾಲೇಜುಗಳ ಜಮೀನೆಷ್ಟು, ಅವುಗಳ ಹಣ ಯಾವ ಯಾವ ಬ್ಯಾಂಕಿನ ಮೂಲಕ ಯಾವ ಗಣಿಗೆ ಹೋಗುತ್ತಿದೆ ಅನ್ನುವ ಲೆಕ್ಕ ಒಂದೆಡೆ ಸಿಗುವುದಿಲ್ಲ. ಗಣಿ, ತೈಲದ ಹೂಡಿಕೆ ಬಿಡಿ ಎಂದು ವ್ಯಾಟಿಕನ್ 2020ರಲ್ಲೇ ಸಲಹೆ ಕೊಟ್ಟಿದೆ. ಸಲಹೆ ನಿಯಮವಾಗಿಲ್ಲ. ಲಿಯೋ ಇದನ್ನು ನಿಯಮ ಮಾಡಬಲ್ಲರು, ಕನಿಷ್ಠ ಪ್ರತಿ ಧರ್ಮಪ್ರಾಂತ್ಯವೂ ವರ್ಷಕ್ಕೊಮ್ಮೆ ಈ ಲೆಕ್ಕ ಪ್ರಕಟಿಸಲಿ ಎಂದು ಆದೇಶಿಸಬಲ್ಲರು. ನಾನು ಅವರಿಂದ ಬಯಸುವ ಒಂದೇ ಒಂದು ಕೆಲಸ ಹೇಳಿ ಎಂದರೆ ಇದನ್ನೇ ಹೇಳುತ್ತೇನೆ.

ಇನ್ನು ಎಐ. ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದೇ 13ನೇ ಲಿಯೋ ನೆನಪಲ್ಲಿ, 1891ರಲ್ಲಿ ಕಾರ್ಖಾನೆಯ ಕೂಲಿಗಳ ಹಕ್ಕಿನ ಬಗ್ಗೆ ಬರೆದ ಪೋಪ್ ಅವರು. ಇಂದಿನ ಕ್ರಾಂತಿ ಎಐ ಎಂದು ಹೊಸ ಪೋಪ್ ಹೇಳಿದ್ದಾರೆ. ಅದರ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಕುಡಿಯುವ ನೀರು, ನುಂಗುವ ವಿದ್ಯುತ್ ಕೂಡ ಸೃಷ್ಟಿಯ ಲೆಕ್ಕಕ್ಕೇ ಸೇರುತ್ತದೆ. ಕೆಲಸ ಕಳೆದುಕೊಳ್ಳುವವರ ಪ್ರಶ್ನೆಯನ್ನೂ ನೀರು ಕಳೆದುಕೊಳ್ಳುವ ಊರಿನ ಪ್ರಶ್ನೆಯನ್ನೂ ಅವರು ಒಟ್ಟಿಗೆ ಎತ್ತಿದರೆ, ಇದು ಬರೀ ಚರ್ಚಿನೊಳಗಿನ ಮಾತಾಗಿ ಉಳಿಯುವುದಿಲ್ಲ.

ಸಮಯದ ವಿಷಯ ನೋಡಿ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024, ಭೂಮಿಯ ಸರಾಸರಿ ತಾಪಮಾನ ಕೈಗಾರಿಕೆಗಳ ಹಿಂದಿನ ಕಾಲಕ್ಕಿಂತ 1.5 ಡಿಗ್ರಿ ಮೀರಿದ, ಬಹುಶಃ ಮೊದಲ, ವರ್ಷ. ಲಿಯೋ ಅವರಿಗೆ ಪೋಪ್ ಆದಾಗ 69 ವರ್ಷ, ಅವರ ಮುಂದೆ ಇನ್ನೂ ದೊಡ್ಡ ಅವಧಿ ಇರಬಹುದು. ಮುಲ್ಲಲಿ ಅವರಿಗೆ ಅಷ್ಟಿಲ್ಲ. ಇಂಗ್ಲೆಂಡಿನ ಸಭೆಯಲ್ಲಿ ಬಿಷಪ್ಪರು 70ಕ್ಕೆ ನಿವೃತ್ತರಾಗುತ್ತಾರೆ, ಅವರಿಗೆ 70 ತುಂಬುವುದು 2032ರಲ್ಲಿ. ಅಂದರೆ 2030ರ ಗಡುವು ಮುಗಿದು, 16,000 ಚರ್ಚುಗಳಲ್ಲಿ ಎಷ್ಟು ಬಾಯ್ಲರ್ ಬದಲಾದವು ಎಂದು ಎಣಿಸುವ ದಿನ ಆ ಕುರ್ಚಿಯಲ್ಲಿ ಇದ್ದು ಉತ್ತರ ಕೊಡಬೇಕಾದವರು ಬಹುಶಃ ಅವರೇ.